ಸ್ವರ್ಗದ ಬೀಗದ ಕೈ ಯಾರಲ್ಲಿದೆ?

ನವೆಂಬರ್ ಕಥೋಲಿಕ ಕುಟುಂಬಗಳ ಪಾಲಿಗೆ ಮೃತರ ತಿಂಗಳು. 2ನೇ ತಾರೀಖಿನ ಸಂಜೆ ಸಮಾಧಿಯನ್ನು ತೊಳೆದು, ಹೂವು ಹರಡಿ, ಮೊಂಬತ್ತಿ ಹಚ್ಚಿ, ಗುರುಗಳು ತೀರ್ಥ ಚಿಮುಕಿಸುತ್ತಾ ನಮ್ಮ ಸಾಲಿಗೆ ಬರುವುದನ್ನು ಕಾಯುತ್ತಾ ನಿಲ್ಲುವುದು ಬಾಲ್ಯದಿಂದಲೂ ನಮಗೆಲ್ಲ ರೂಢಿಯಾದ ಸಂಗತಿ. ಹಾಗೆ ನಿಂತಾಗ ಮನಸ್ಸಿನಲ್ಲಿ ಏಳುವ ಪ್ರಶ್ನೆಗಳನ್ನು ಮಾತ್ರ ನಾವು ಬಾಯಿಬಿಟ್ಟು ಕೇಳುವುದು ಕಡಿಮೆ. ಸತ್ತವರು ಈಗ ಎಲ್ಲಿದ್ದಾರೆ? ಅವರಿಗೆ ಸ್ವರ್ಗ ದೊರಕಿತೇ? ನಾವು ಹೇಳಿಸಿದ ಪೂಜೆಗಳು ಸಾಕಾದವೇ?

ಕೆಲ ಕಾಲದ ಹಿಂದೆ ಎಂಬತ್ತು ದಾಟಿದ ತಾಯಿಯೊಬ್ಬರು ಇಂಥದೇ ಪ್ರಶ್ನೆಯೊಂದನ್ನು ನಮ್ಮ ಮುಂದಿಟ್ಟರು. 1960ರ ಸುಮಾರಿಗೆ ಅವರಿಗೆ ಚೊಚ್ಚಲ ಮಗು ಹುಟ್ಟಿ, ಕೆಲವೇ ಗಂಟೆಗಳಲ್ಲಿ, ಸ್ನಾನದೀಕ್ಷೆಗೆ ಮೊದಲೇ ತೀರಿಕೊಂಡಿತು. ಮಂತ್ರಿಸಿದ ನೆಲದಲ್ಲಿ ಅದಕ್ಕೆ ಸ್ಥಳವಿರಲಿಲ್ಲ. ಬೇಲಿಯ ಪಕ್ಕದ ಮೂಲೆಯಲ್ಲಿ, ಗಂಟೆ ಬಾರಿಸದೆ, ಪ್ರಾರ್ಥನೆಯಿಲ್ಲದೆ, ಮನೆಯ ಗಂಡಸರಿಬ್ಬರು ಹೋಗಿ ಹೂತು ಬಂದರು. ಆ ಬಳಿಕ ಅವರಿಗೆ ಬೇರೆ ಮಕ್ಕಳಾದರು, ಮೊಮ್ಮಕ್ಕಳೂ ಆದರು. ಆದರೆ ಅರುವತ್ತು ವರ್ಷಗಳಿಗೂ ಮೀರಿ ಅವರು ಒಳಗೇ ಅದುಮಿಟ್ಟುಕೊಂಡಿದ್ದ ಅಳಲು ಒಂದೇ: ಸ್ವರ್ಗದಲ್ಲಿ ಗಂಡನನ್ನು ಕಾಣುವೆನು, ತಂದೆತಾಯಿಯರನ್ನು ಕಾಣುವೆನು, ಆ ಮಗುವನ್ನು ಮಾತ್ರ ಕಾಣಲಾರೆನಂತೆ, ಇದು ನಿಜವೇ?

ಇದು ಅಜ್ಞಾನದಿಂದ ಕೇಳಿದ ಪ್ರಶ್ನೆಯಲ್ಲ. ಅವರಿಗೆ ಹಾಗೆ ಕಲಿಸಲಾಗಿತ್ತು. ಕಲಿಸಿದವರು ಕಠಿಣ ಹೃದಯದವರೇನೂ ಅಲ್ಲ. ಅವರಿಗೂ ಹಾಗೆಯೇ ಕಲಿಸಲಾಗಿತ್ತು. ಧರ್ಮಸಭೆಯು ವಿಶ್ವಾಸದ ಸತ್ಯವೆಂದು ವಿಧ್ಯುಕ್ತವಾಗಿ ಸಾರಿದ್ದು ಒಂದು. ದೇವಶಾಸ್ತ್ರಜ್ಞರು ತರ್ಕದಿಂದ ಕಂಡುಕೊಂಡ ಅಭಿಪ್ರಾಯ ಇನ್ನೊಂದು. ಜನರ ಬಾಯಲ್ಲಿ ಬೆಳೆದ ರೂಢಿಯ ನಂಬಿಕೆ ಮತ್ತೊಂದು. ಈ ಮೂರೂ ಎಳೆಗಳು ಒಂದೇ ಹಗ್ಗದಲ್ಲಿ ಹೊಸೆದುಕೊಂಡು ನಮ್ಮ ಕೈಗೆ ಬಂದಿವೆ. ಯಾವ ಎಳೆ ಯಾವುದೆಂದು ಬಿಡಿಸಿ ನೋಡುವ ಗೋಜಿಗೆ ಹೆಚ್ಚಿನವರು ಹೋಗಿಲ್ಲ.

ದೀಕ್ಷೆಯಿಲ್ಲದೆ ಸತ್ತ ಕೂಸುಗಳು ಸೇರುವವೆಂದು ಹಿರಿಯರು ಹೇಳುತ್ತಿದ್ದ 'ಲಿಂಬೊ' ಎಂಬ ತಾಣದ ಕಥೆಯನ್ನೇ ತೆಗೆದುಕೊಳ್ಳೋಣ. 5ನೇ ಶತಮಾನದ ಆರಂಭದಲ್ಲಿ ಪೆಲಾಜಿಯಸ್ ಎಂಬುವನು, ಮನುಷ್ಯನು ತನ್ನ ಸ್ವಪ್ರಯತ್ನದಿಂದಲೇ ನೀತಿವಂತನಾಗಬಲ್ಲನೆಂದು ಬೋಧಿಸಿದಾಗ ಸಂತ ಅಗಸ್ಟೀನರು ಅದನ್ನು ಉಗ್ರವಾಗಿ ವಿರೋಧಿಸಿದರು. ಕ್ರಿಸ್ತರ ಕೃಪೆಯಿಲ್ಲದೆ ಯಾರಿಗೂ ಜೀವೋದ್ಧಾರವಿಲ್ಲ, ಶಿಶುಗಳಿಗೂ ಇಲ್ಲ ಎಂಬ ವಾದವನ್ನು ಅವರು ಅದರ ತುದಿಯವರೆಗೂ ಎಳೆದರು. ದೀಕ್ಷೆ ಹೊಂದದ ಶಿಶುಗಳು ದೇವರ ದರ್ಶನದಿಂದ ವಂಚಿತವಾಗುತ್ತವೆ, ಆದರೂ ಅವುಗಳ ಶಿಕ್ಷೆ ಎಲ್ಲಕ್ಕಿಂತ ಸೌಮ್ಯವಾದುದು ಎಂದು ಬರೆದರು. ಮಧ್ಯಯುಗದ ಗುರುಗಳಿಗೆ ಇದು ಸಹಿಸಲಾರದಷ್ಟು ಕಠೋರವೆನಿಸಿತು. 13ನೇ ಶತಮಾನದಲ್ಲಿ ಸಂತ ಥಾಮಸ್ ಅಕ್ವಿನಾಸರು, ಆ ಕೂಸುಗಳಿಗೆ ಯಾವ ನೋವೂ ಇಲ್ಲ, ತಾವು ಕಳೆದುಕೊಂಡದ್ದೇನೆಂಬ ಅರಿವೂ ಇಲ್ಲ, ಸಹಜವಾದ ಒಂದು ಸುಖದಲ್ಲಿ ಅವು ಇರುತ್ತವೆ ಎಂದು ವಿವರಿಸಿದರು. ಲತೀನ್ ಭಾಷೆಯಲ್ಲಿ 'ಲಿಂಬುಸ್' ಎಂದರೆ ಅಂಚು, ಸೆರಗಿನ ಕೊನೆ. ಅಂದರೆ ಲಿಂಬೊ ಹುಟ್ಟಿದ್ದು ಮಕ್ಕಳನ್ನು ಹೊರಗಿಡುವುದಕ್ಕಲ್ಲ, ಅಗಸ್ಟೀನರ ತೀರ್ಪಿನಿಂದ ಅವರನ್ನು ಒಂದಿಷ್ಟು ಪಾರುಮಾಡುವುದಕ್ಕೆ! ಕನಿಕರದಿಂದ ಹುಟ್ಟಿದ ಕಲ್ಪನೆಯೇ ಮುಂದೆ ಎಷ್ಟೋ ತಾಯಂದಿರಿಗೆ ಕಬ್ಬಿಣದ ಬಾಗಿಲಾಯಿತು.

ಲಿಂಬೊ ಎಂದೂ ವಿಶ್ವಾಸದ ಸತ್ಯವೆಂದು ಘೋಷಿತವಾದುದಲ್ಲ. ಜಗದ್ಗುರು ಎರಡನೇ ಜಾನ್ ಪೌಲರ ಕಾಲದಲ್ಲಿ, 1992ರಲ್ಲಿ ಪ್ರಕಟವಾದ ಕಥೋಲಿಕ ಧರ್ಮೋಪದೇಶ ಗ್ರಂಥದಲ್ಲಿ ಆ ಹೆಸರೇ ಇಲ್ಲ. ದೀಕ್ಷೆಯಿಲ್ಲದೆ ಅಗಲಿದ ಮಕ್ಕಳನ್ನು ಧರ್ಮಸಭೆಯು ದೇವರ ದಯೆಗೆ ಒಪ್ಪಿಸುತ್ತದೆಂದು ಮಾತ್ರ ಅಲ್ಲಿದೆ. 2007ರಲ್ಲಿ ಅಂತರರಾಷ್ಟ್ರೀಯ ದೇವಶಾಸ್ತ್ರ ಆಯೋಗವು ಈ ವಿಷಯವನ್ನು ಸುದೀರ್ಘವಾಗಿ ಪರಿಶೀಲಿಸಿ, ಜಗದ್ಗುರು ಹದಿನಾರನೇ ಬೆನೆಡಿಕ್ಟರ ಅನುಮತಿಯೊಡನೆ ತನ್ನ ವರದಿಯನ್ನು ಪ್ರಕಟಿಸಿತು. ಇಂಥ ಮಕ್ಕಳು ದೇವರ ಸಾನ್ನಿಧ್ಯವನ್ನು ಸೇರುತ್ತಾರೆಂದು ಭರವಸೆಯಿಡಲು ಬಲವಾದ ಆಧಾರಗಳಿವೆ ಎಂಬುದು ಅದರ ತಾತ್ಪರ್ಯ. ಇದು ಭರವಸೆಯೇ ಹೊರತು ಖಚಿತ ಜ್ಞಾನವಲ್ಲವೆಂದೂ ಆಯೋಗ ಪ್ರಾಮಾಣಿಕವಾಗಿ ಹೇಳಿದೆ. ದೇವರು ಜೀವೋದ್ಧಾರವನ್ನು ಸ್ನಾನದೀಕ್ಷೆಯ ಸಂಸ್ಕಾರಕ್ಕೆ ಬೆಸೆದಿದ್ದಾರೆ, ಆದರೆ ತಮ್ಮನ್ನೇ ಸಂಸ್ಕಾರಗಳಿಗೆ ಕಟ್ಟಿಹಾಕಿಕೊಂಡಿಲ್ಲ. ಹೆರೋದನ ಸೈನಿಕರ ಕೈಯಲ್ಲಿ ಹತವಾದ ಬೆತ್ಲೆಹೇಮಿನ ಹಸುಗೂಸುಗಳಿಗೆ ಯಾರು ನೀರಿನ ದೀಕ್ಷೆ ಕೊಟ್ಟಿದ್ದರು? ಆದರೂ ಪ್ರತಿ ಡಿಸೆಂಬರ್ 28ರಂದು ನಾವು ಅವರನ್ನು ಸಂತರೆಂದು ಸ್ಮರಿಸುತ್ತೇವಲ್ಲವೇ?

ಆ ತಾಯಿಗೆ ನಾವು ಹೇಳಿದ್ದೂ ಇದನ್ನೇ. 1970ರ ರೋಮನ್ ಪೂಜಾಗ್ರಂಥದಲ್ಲಿ, ದೀಕ್ಷೆಗೆ ಮೊದಲೇ ತೀರಿಕೊಂಡ ಮಗುವಿನ ಅಂತ್ಯಕ್ರಿಯೆಗೆಂದೇ ಪ್ರತ್ಯೇಕ ಪೂಜಾವಿಧಿಯಿದೆ. ತಂದೆತಾಯಿಗೆ ಮಗುವಿಗೆ ದೀಕ್ಷೆ ಕೊಡಿಸುವ ಉದ್ದೇಶವಿದ್ದಲ್ಲಿ, ಧರ್ಮಾಧ್ಯಕ್ಷರ ಅನುಮತಿಯಿಂದ ಅದಕ್ಕೆ ಧರ್ಮಸಭೆಯ ಅಂತ್ಯಕ್ರಿಯೆ ನೆರವೇರಿಸಬಹುದೆಂದು 1983ರ ಧರ್ಮಸಭಾ ಕಾನೂನು ಸ್ಪಷ್ಟಪಡಿಸಿದೆ. ಅವರ ಮಗು ಹುಟ್ಟಿದ್ದು ಕೆಲವು ವರ್ಷ ಮೊದಲು, ಅಷ್ಟೇ. ಬದಲಾದದ್ದು ದೇವರ ಮನಸ್ಸಲ್ಲ.

ಹಾಗಾದರೆ ಸ್ನಾನದೀಕ್ಷೆಗೆ ಅವಸರವೇಕೆ ಎಂದು ಯಾರಾದರೂ ಕೇಳಿಯಾರು. ಈಚೆಗೆ ಕೆಲವು ಮನೆಗಳಲ್ಲಿ ಗಲ್ಫಿನಿಂದ ಸೋದರಮಾವ ರಜೆಯ ಮೇಲೆ ಬರುವವರೆಗೆ, ಸಭಾಂಗಣ ಬಾಡಿಗೆಗೆ ಸಿಗುವವರೆಗೆ, ಅಡುಗೆಯವರ ದಿನ ಹೊಂದುವವರೆಗೆ ದೀಕ್ಷೆಯನ್ನು ತಿಂಗಳುಗಟ್ಟಲೆ ಮುಂದೂಡುವುದನ್ನು ಕಾಣುತ್ತಿದ್ದೇವೆ. ಮಗು ಹುಟ್ಟಿದ ಮೊದಲ ಕೆಲವು ವಾರಗಳಲ್ಲೇ ದೀಕ್ಷೆ ಕೊಡಿಸಬೇಕೆಂಬ ಕಾನೂನು ಇಂದಿಗೂ ಇದೆ. ದೇವರ ದಯೆ ವಿಶಾಲವಾದುದೆಂಬುದು ನಮ್ಮ ಸೋಮಾರಿತನಕ್ಕೆ ನೆಪವಾಗಬಾರದು. ಇನ್ನೊಂದು ಮಾತನ್ನೂ ಗರ್ಭಿಣಿಯರಿರುವ ಮನೆಯವರು ತಿಳಿದಿರುವುದು ಒಳ್ಳೆಯದು. ಮಗುವಿನ ಪ್ರಾಣಕ್ಕೆ ಅಪಾಯವಿದ್ದಾಗ ಗುರುಗಳಿಗಾಗಿ ಕಾಯಬೇಕಾಗಿಲ್ಲ. ಯಾರೇ ಆಗಲಿ, ಧರ್ಮಸಭೆಯು ಉದ್ದೇಶಿಸುವುದನ್ನೇ ಉದ್ದೇಶಿಸಿ, ತಲೆಯ ಮೇಲೆ ನೀರು ಸುರಿದು, ಪಿತ, ಸುತ, ಪವಿತ್ರಾತ್ಮರ ಹೆಸರಿನಲ್ಲಿ ದೀಕ್ಷೆ ಕೊಡಬಹುದು. ಹಾಗೆ ಕೊಡುವವರು ಸ್ವತಃ ದೀಕ್ಷೆ ಪಡೆದ ಕ್ರೈಸ್ತರಾಗಿರಬೇಕೆಂಬ ನಿಯಮವೂ ಇಲ್ಲ. ಹೆರಿಗೆ ಕೋಣೆಯ ಹಿಂದೂ ದಾದಿಯೊಬ್ಬಳು, ಮುಸಲ್ಮಾನ ವೈದ್ಯೆಯೊಬ್ಬಳು ಈ ಸಂಸ್ಕಾರವನ್ನು ಸಿಂಧುವಾಗಿ ನೀಡಬಲ್ಲಳು. ಇದನ್ನು ಕೇಳಿ ಹುಬ್ಬೇರಿಸುವವರು ನಮ್ಮಲ್ಲಿ ಹಲವರಿದ್ದಾರೆ. ಆದರೆ ಇದು ಧರ್ಮಸಭೆಯ ಅಧಿಕೃತ ಬೋಧನೆ.

ಬೇಲಿಯಾಚೆಯ ಆ ಮೂಲೆಯಲ್ಲಿ ಕೂಸುಗಳಷ್ಟೇ ಇಲ್ಲ. ತಮ್ಮ ಪ್ರಾಣವನ್ನು ತಾವೇ ಕಳೆದುಕೊಂಡವರೂ ಇದ್ದಾರೆ. 1917ರ ಕಾನೂನು ತಿಳಿದೂ ಬೇಕೆಂದೇ ಆತ್ಮಹತ್ಯೆ ಮಾಡಿಕೊಂಡವರಿಗೆ ಧರ್ಮಸಭೆಯ ಅಂತ್ಯಕ್ರಿಯೆಯನ್ನು ನಿರಾಕರಿಸುತ್ತಿತ್ತು. 1983ರ ಕಾನೂನಿನಲ್ಲಿ ಆ ವಾಕ್ಯವಿಲ್ಲ. ಪ್ರಾಣ ದೇವರ ಕೊಡುಗೆ, ಅದನ್ನು ತೆಗೆಯುವುದು ಗಂಭೀರ ತಪ್ಪೆಂಬ ಬೋಧನೆ ಬದಲಾಗಿಲ್ಲ. ಆದರೆ ಮಾನಸಿಕ ವ್ಯಾಧಿ, ತೀವ್ರ ಭಯ, ತಾಳಲಾರದ ಸಂಕಟಗಳು ವ್ಯಕ್ತಿಯ ಹೊಣೆಯನ್ನು ತಗ್ಗಿಸಬಲ್ಲವು, ಅಂಥವರ ಉದ್ಧಾರದ ಕುರಿತು ನಾವು ನಿರಾಶರಾಗಬಾರದು, ಅವರಿಗಾಗಿ ಪ್ರಾರ್ಥಿಸಬೇಕು ಎಂದು ಧರ್ಮೋಪದೇಶ ಗ್ರಂಥ ಬೋಧಿಸುತ್ತದೆ. ಶವ ಇನ್ನೂ ಮನೆಯಲ್ಲಿರುವಾಗಲೇ, ಅಂಗಳದಲ್ಲಿ ನಿಂತು, ಇವರಿಗೆ ಪೂಜೆ ಸಿಗುತ್ತದೆಯೇ ಎಂದು ಪಿಸುಗುಟ್ಟುವವರು ಒಳಗಿರುವ ತಾಯಿಗೆ ಅದು ಕೇಳಿಸುತ್ತದೆ ಎಂಬುದನ್ನು ಮರೆಯುತ್ತಾರೆ.

ಇನ್ನು, ಧರ್ಮಸಭೆಯ ಹೊರಗೆ ಉದ್ಧಾರವಿಲ್ಲವೆಂಬ ಹಳೆಯ ಸೂತ್ರ. ಧರ್ಮೋಪದೇಶದ ತರಗತಿಯಲ್ಲಿ ಮಕ್ಕಳು ಕೇಳುವ ಪ್ರಶ್ನೆಗಳಲ್ಲಿ ಇದಕ್ಕಿಂತ ಕಷ್ಟದ್ದು ಬೇರೊಂದಿಲ್ಲ. ಪಕ್ಕದ ಮನೆಯ ಅಜ್ಜಿ ದಿನವೂ ತುಳಸಿಗೆ ನೀರೆರೆಯುತ್ತಾರೆ, ನಮ್ಮಮ್ಮನಿಗೆ ಜ್ವರ ಬಂದಾಗ ಗಂಜಿ ಮಾಡಿ ತಂದುಕೊಟ್ಟವರು ಅವರೇ. ಅವರು ನರಕಕ್ಕೆ ಹೋಗುತ್ತಾರೆಯೇ? ಮಗು ಹೀಗೆ ಕೇಳಿದಾಗ ಉಪಾಧ್ಯಾಯಿನಿ ತಡವರಿಸಿದರೆ ಆಕೆಯನ್ನು ದೂಷಿಸಲಾಗದು.

ಈ ಸೂತ್ರದ ಮೂಲಕ್ಕೆ ಹೋದರೆ 3ನೇ ಶತಮಾನದ ಉತ್ತರ ಆಫ್ರಿಕದಲ್ಲಿ ನಿಲ್ಲುತ್ತೇವೆ. ಕಾರ್ಥೇಜಿನ ಧರ್ಮಾಧ್ಯಕ್ಷರಾಗಿದ್ದ ಸಂತ ಸಿಪ್ರಿಯಾನರು 258ರಲ್ಲಿ ರಕ್ತಸಾಕ್ಷಿಯಾದವರು. ಚಕ್ರವರ್ತಿ ಡೇಸಿಯಸನ ಹಿಂಸೆ ಮುಗಿದ ಬಳಿಕ, ಒಳಜಗಳಗಳಿಂದ ಧರ್ಮಸಭೆಯನ್ನು ಒಡೆದು ಬೇರೆ ಪಂಗಡ ಕಟ್ಟುತ್ತಿದ್ದವರನ್ನು ಎಚ್ಚರಿಸಲು ಅವರು ಈ ಮಾತನ್ನು ಆಡಿದರು. ಅದು ಒಳಗಿದ್ದು ಹೊರನಡೆಯುವವರಿಗೆ ಹೇಳಿದ ಮಾತು. ಕ್ರಿಸ್ತರ ಹೆಸರನ್ನೇ ಕೇಳದ ದೂರದ ಜನರ ಮೇಲಿನ ತೀರ್ಪಲ್ಲ. ಮುಂದಿನ ಶತಮಾನಗಳಲ್ಲಿ, ಯೂರೋಪಿನ ಪರಿಧಿಯೇ ಲೋಕದ ಪರಿಧಿಯೆಂದು ತಿಳಿದಿದ್ದ ಕಾಲದಲ್ಲಿ, ಅದು ಬಿಗಿಯಾಯಿತು. 1442ರಲ್ಲಿ ಫ್ಲಾರೆನ್ಸಿನ ಮಹಾಸಭೆಯ ನುಡಿಗಳು ಬಹು ಕಟುವಾಗಿಯೇ ಇವೆ. ಅದನ್ನು ಮರೆಮಾಚುವುದರಲ್ಲಿ ಅರ್ಥವಿಲ್ಲ. ಆದರೆ ಅಮೆರಿಕ ಖಂಡಗಳೂ ಪೂರ್ವದೇಶಗಳೂ ಯೂರೋಪಿನ ಕಣ್ಣಿಗೆ ಬಿದ್ದ ಮೇಲೆ ದೇವಶಾಸ್ತ್ರಜ್ಞರಿಗೆ ಹೊಸದಾಗಿ ಯೋಚಿಸುವುದು ಅನಿವಾರ್ಯವಾಯಿತು. 1547ರಲ್ಲಿ ಟ್ರೆಂಟ್ ಮಹಾಸಭೆಯು ದೀಕ್ಷೆಯ ಜೊತೆಗೆ ದೀಕ್ಷೆಯ ಹಂಬಲವನ್ನೂ ಹೆಸರಿಸಿತು. 1863ರಲ್ಲಿ ಜಗದ್ಗುರು ಒಂಬತ್ತನೇ ಪಯಸ್ಸರು, ತಮ್ಮದಲ್ಲದ ತಪ್ಪಿನಿಂದ ಸತ್ಯಧರ್ಮವನ್ನು ಅರಿಯದೆ, ಅಂತಃಕರಣದಲ್ಲಿ ಬರೆಯಲ್ಪಟ್ಟ ನೀತಿಯಂತೆ ಬಾಳುವವರು ದೇವರ ಕೃಪೆಯಿಂದ ನಿತ್ಯಜೀವವನ್ನು ಪಡೆಯಬಲ್ಲರೆಂದು ಬರೆದರು. ಆ ಹೊತ್ತಿನ ಒಂಬತ್ತನೇ ಪಯಸ್ಸರನ್ನು ಉದಾರವಾದಿಯೆಂದು ಕರೆಯುವಂತಿರಲಿಲ್ಲ!

ಅಷ್ಟಾದರೂ ಈ ಸೂತ್ರವನ್ನು ಅಕ್ಷರಶಃ ಹಿಡಿದು ಎಳೆದವರಿದ್ದರು. ಅಮೆರಿಕದ ಬಾಸ್ಟನ್ ನಗರದಲ್ಲಿ ಲಿಯೊನಾರ್ಡ್ ಫೀನಿ ಎಂಬ ಯೇಸುಸಭೆಯ ಗುರುಗಳು 1940ರ ದಶಕದಲ್ಲಿ, ಕಥೋಲಿಕ ಧರ್ಮಸಭೆಗೆ ಗೋಚರವಾಗಿ ಸೇರದ ಯಾರಿಗೂ ಸ್ವರ್ಗವಿಲ್ಲವೆಂದು ಬೋಧಿಸತೊಡಗಿದರು. 1949ರ ಆಗಸ್ಟ್ 8ರಂದು ರೋಮಿನ ಪವಿತ್ರ ಕಾರ್ಯಾಲಯವು ಬಾಸ್ಟನ್ನಿನ ಮಹಾಧರ್ಮಾಧ್ಯಕ್ಷರಿಗೆ ಪತ್ರ ಬರೆದು, ಇದು ಧರ್ಮಸಭೆಯ ಬೋಧನೆಯಲ್ಲವೆಂದೂ ಪ್ರಜ್ಞಾಪೂರ್ವಕವಲ್ಲದ ಹಂಬಲವೊಂದರ ಮೂಲಕವೂ ಮನುಷ್ಯನು ಧರ್ಮಸಭೆಯೊಡನೆ ಸಂಬಂಧ ಹೊಂದಿರಬಲ್ಲನೆಂದೂ ತಿಳಿಸಿತು. ರೋಮಿಗೆ ಬರಬೇಕೆಂಬ ಕರೆಯನ್ನು ಫೀನಿಯವರು ತಿರಸ್ಕರಿಸಿದರು. 1953ರಲ್ಲಿ ಅವರನ್ನು ಧರ್ಮಸಭೆಯಿಂದ ಬಹಿಷ್ಕರಿಸಲಾಯಿತು. ಹೊರಗಿರುವವರಿಗೆ ಉದ್ಧಾರವಿಲ್ಲವೆಂದು ಹಟ ಹಿಡಿದವರು ತಾವೇ ಹೊರಗಾದರು! 1972ರಲ್ಲಿ ಅವರನ್ನು ಮತ್ತೆ ಬರಮಾಡಿಕೊಂಡಾಗ, ಅವರು ತಮ್ಮ ಅಭಿಪ್ರಾಯವನ್ನು ಹಿಂತೆಗೆದುಕೊಳ್ಳಬೇಕೆಂದು ಪಟ್ಟು ಹಿಡಿಯಲಿಲ್ಲ ಎಂಬುದು ಧರ್ಮಸಭೆಯ ತಾಯ್ತನಕ್ಕೆ ಸಾಕ್ಷಿ.

1964ರ ನವೆಂಬರ್ 21ರಂದು ದ್ವಿತೀಯ ವ್ಯಾಟಿಕನ್ ಮಹಾಸಭೆಯು ಧರ್ಮಸಭೆಯ ಕುರಿತಾದ ತನ್ನ ಸಂವಿಧಾನದಲ್ಲಿ ಈ ಬೋಧನೆಗೆ ಸ್ಪಷ್ಟ ರೂಪ ಕೊಟ್ಟಿತು. ತಮ್ಮ ದೋಷವಿಲ್ಲದೆ ಶುಭಸಂದೇಶವನ್ನು ಅರಿಯದವರು, ಪ್ರಾಮಾಣಿಕ ಹೃದಯದಿಂದ ದೇವರನ್ನು ಅರಸಿ ಅಂತಃಸಾಕ್ಷಿಯಂತೆ ನಡೆದರೆ, ಅವರಿಗೂ ನಿತ್ಯೋದ್ಧಾರ ಸಾಧ್ಯ. ಮರುವರ್ಷ ಅನ್ಯಧರ್ಮಗಳ ಕುರಿತಾದ ಘೋಷಣೆಯಲ್ಲಿ ಮಹಾಸಭೆಯು ಹಿಂದೂ ಧರ್ಮವನ್ನು ಹೆಸರಿಸಿ ಗೌರವದಿಂದ ಮಾತನಾಡಿತು. ಆ ಮಗುವಿಗೆ ಉಪಾಧ್ಯಾಯಿನಿ ಧೈರ್ಯವಾಗಿ ಇದನ್ನು ಹೇಳಬಹುದು. ಇನ್ನೂ ಒಂದನ್ನು ಸೇರಿಸಬಹುದು: ಪಕ್ಕದ ಮನೆಯ ಅಜ್ಜಿ ತೀರಿಕೊಂಡ ದಿನ ಅವರಿಗಾಗಿ ಪೂಜೆ ಹೇಳಿಸಲೂ ಅಡ್ಡಿಯಿಲ್ಲ. ಗುರುಗಳು ಜೀವಂತರಾಗಲಿ ಮೃತರಾಗಲಿ, ಯಾರಿಗಾಗಿಯೂ ಬಲಿಪೂಜೆ ಅರ್ಪಿಸಬಹುದೆಂದು ಧರ್ಮಸಭಾ ಕಾನೂನು ಹೇಳುತ್ತದೆ.

ಅದೇ ಸಂವಿಧಾನದಲ್ಲಿ ಇನ್ನೊಂದು ಮಾತಿದೆ. ಅದನ್ನು ನಮ್ಮ ಪ್ರವಚನಗಳಲ್ಲಿ ಅಷ್ಟಾಗಿ ಕೇಳುವುದಿಲ್ಲ. ಧರ್ಮಸಭೆಯ ಒಳಗಿದ್ದರೂ ಪ್ರೀತಿಯಲ್ಲಿ ನೆಲೆಗೊಳ್ಳದವನು, ದೇಹದಿಂದ ಮಾತ್ರ ಒಳಗಿದ್ದು ಹೃದಯದಿಂದ ಹೊರಗಿರುವವನು, ಉದ್ಧಾರವಾಗುವುದಿಲ್ಲ. ಹೊರಗಿನವರ ಗತಿಯೇನೆಂದು ತಲೆಕೆಡಿಸಿಕೊಳ್ಳುವ ನಮಗೆ ಮಹಾಸಭೆ ನೀಡಿದ ಉತ್ತರ ಒಂದು ಬಗೆಯಲ್ಲಿ ಪ್ರಭುವೇ ನೀಡಿದ ಉತ್ತರ. ಉದ್ಧಾರ ಹೊಂದುವವರು ಕೆಲವರೇ ಏನು ಎಂದು ಒಬ್ಬನು ಕೇಳಿದಾಗ ಯೇಸು ಸಂಖ್ಯೆಯನ್ನು ಹೇಳಲಿಲ್ಲ. ಇಕ್ಕಟ್ಟಾದ ಬಾಗಿಲಿನಿಂದ ಒಳಹೋಗಲು ನೀವು ಹೆಣಗಿರಿ ಎಂಬರ್ಥದಲ್ಲಿ ಉತ್ತರಿಸಿದರು. ತಮ್ಮೊಡನೆ ಉಂಡು ಕುಡಿದವರು ಹೊರಗುಳಿದಾರು, ಮೂಡಣ ಪಡುವಣ ದಿಕ್ಕುಗಳಿಂದ ಅಪರಿಚಿತರು ಬಂದು ಪಂಕ್ತಿಯಲ್ಲಿ ಕುಳಿತಾರು ಎಂದೂ ಎಚ್ಚರಿಸಿದರು. ಸಂತ ಲೂಕರ ಶುಭಸಂದೇಶದ 13ನೇ ಅಧ್ಯಾಯವನ್ನು ಮನೆಯಲ್ಲಿ ಒಮ್ಮೆ ಜಪಸರದ ಬಳಿಕ ಓದಿನೋಡಬಹುದು.

ಹಾಗೆಂದು, ಯಾವ ಧರ್ಮವಾದರೇನು, ಎಲ್ಲವೂ ಒಂದೇ, ಎಲ್ಲರೂ ಕೊನೆಗೆ ಅಲ್ಲಿಗೇ ತಲುಪುತ್ತಾರೆ ಎಂಬ ಹಗುರವಾದ ಮಾತೂ ಧರ್ಮಸಭೆಯದಲ್ಲ. ಕ್ರಿಸ್ತರನ್ನು ಅರಿಯದೆ ಉದ್ಧಾರವಾಗುವವನೂ ಕ್ರಿಸ್ತರ ಕೃಪೆಯಿಂದಲೇ ಉದ್ಧಾರವಾಗುತ್ತಾನೆಂಬುದು ನಮ್ಮ ವಿಶ್ವಾಸ. 2000ದಲ್ಲಿ ರೋಮಿನಿಂದ ಬಂದ ಘೋಷಣೆಯೊಂದು ಇದನ್ನೇ ಮತ್ತೆ ಒತ್ತಿಹೇಳಿತು. ಧರ್ಮಸಭೆಯ ಅಗತ್ಯವನ್ನು ಅರಿತೂ ಅದನ್ನು ಬೇಕೆಂದೇ ತೊರೆಯುವವನಿಗೆ ಮಹಾಸಭೆಯ ಮಾತು ಮೃದುವಾಗಿಲ್ಲ. ನರಕವೂ ಇದೆ, ದೇವರನ್ನು ಕಟ್ಟಕಡೆಯವರೆಗೆ ನಿರಾಕರಿಸುವ ಸ್ವಾತಂತ್ರ್ಯ ಮನುಷ್ಯನಿಗೆ ಇರುವವರೆಗೂ ಅದು ಇದೆ. ಆದರೆ ಗಮನಿಸಬೇಕಾದ ಸಂಗತಿಯೊಂದಿದೆ. ಧರ್ಮಸಭೆಯು ಸಾವಿರಾರು ಮಂದಿಯನ್ನು ಹೆಸರು ಹಿಡಿದು ಸಂತರೆಂದು ಘೋಷಿಸಿದೆ. ಹೆಸರು ಹಿಡಿದು ಇಂಥವನು ನರಕದಲ್ಲಿದ್ದಾನೆಂದು ಒಬ್ಬನನ್ನೂ ಘೋಷಿಸಿಲ್ಲ, ಯೂದನನ್ನು ಸಹ. ಪ್ರಭು ಯೇಸು ತಮ್ಮ ಬಾಯಿಂದಲೇ ಪರಂಧಾಮದ ವಾಗ್ದಾನವಿತ್ತದ್ದು ಶಿಲುಬೆಯ ಮೇಲೆ ಪಕ್ಕದಲ್ಲಿ ತೂಗುತ್ತಿದ್ದ ಒಬ್ಬ ಅಪರಾಧಿಗೆ. ಅವನು ದೀಕ್ಷೆ ಪಡೆದವನಲ್ಲ, ಒಂದು ಪುಣ್ಯಕಾರ್ಯ ಮಾಡಲೂ ಅವನಿಗೆ ಕೈ ಬಿಡುವಿರಲಿಲ್ಲ.

ಪುಣ್ಯಕಾರ್ಯದ ಮಾತು ಬಂದುದರಿಂದ ಇನ್ನೊಂದು ತಪ್ಪು ತಿಳಿವಳಿಕೆಗೆ ಬರೋಣ. ಬಸ್ ನಿಲ್ದಾಣದಲ್ಲಿ ಕರಪತ್ರ ಹಿಡಿದ ಸಹೋದರನೊಬ್ಬ, ನೀವು ರಕ್ಷಣೆ ಹೊಂದಿದ್ದೀರಾ ಎಂದು ಕೇಳಿದಾಗ ನಮ್ಮವರು ಕಕ್ಕಾಬಿಕ್ಕಿಯಾಗುತ್ತಾರೆ. ಕೆಲವರು, ನಾವು ಕಥೋಲಿಕರು, ನಾವು ಸತ್ಕಾರ್ಯಗಳಿಂದ ಸ್ವರ್ಗ ಸಂಪಾದಿಸುವವರು ಎಂದುಬಿಡುತ್ತಾರೆ. ಅದು ಕಥೋಲಿಕ ಉತ್ತರವಲ್ಲ, ಅಗಸ್ಟೀನರು ಖಂಡಿಸಿದ ಪೆಲಾಜಿಯಸನ ಉತ್ತರ. ದೇವರ ಮೊದಲ ಕೃಪೆಯನ್ನು ಯಾರೂ ಸಂಪಾದಿಸಲಾರರು ಎಂಬುದೇ ನಮ್ಮ ಧರ್ಮಸಭೆಯ ಬೋಧನೆ. ಸಂತ ಪೌಲರು ಉದ್ಧಾರವನ್ನು ಒಮ್ಮೆ ಆಗಿಹೋದುದೆಂದು, ಒಮ್ಮೆ ಆಗುತ್ತಿರುವುದೆಂದು, ಇನ್ನೊಮ್ಮೆ ಆಗಲಿರುವುದೆಂದು ಬರೆಯುತ್ತಾರೆ. ಕರಪತ್ರದ ಪ್ರಶ್ನೆಗೆ ಈ ಮೂರು ಕಾಲಗಳನ್ನೂ ಸೇರಿಸಿ ಉತ್ತರಿಸಬೇಕಾಗುತ್ತದೆ. ನೆಟ್ಟ ಸಸಿಗೆ ಬಿಸಿಲೂ ಮಳೆಯೂ ಮೇಲಿನಿಂದಲೇ ಬರಬೇಕು; ಹಾಗೆಂದು ಫಲ ಕೊಡದ ಮರವನ್ನು ಯಾರೂ ಜೀವಂತ ಮರವೆಂದು ಹೇಳುವುದಿಲ್ಲ. ಸಂತ ಯಕೋಬರು ಹೇಳುವುದು ಈ ಫಲದ ಮಾತನ್ನು.

ಆದರೆ ನಮ್ಮ ಮನೆಗಳಲ್ಲಿ ನಡೆಯುವುದೇನು? ಒಂಬತ್ತು ಮೊದಲ ಶುಕ್ರವಾರಗಳನ್ನು ಜೀವವಿಮೆಯ ಕಂತುಗಳಂತೆ ಎಣಿಸುತ್ತೇವೆ. ಒಂದು ತಪ್ಪಿದರೆ ಪಾಲಿಸಿ ರದ್ದಾಯಿತೆಂಬಂತೆ ಕಳವಳಪಡುತ್ತೇವೆ. ಕೊರಳಿನ ಉತ್ತರೀಯವನ್ನು ತಾಯಿತದಂತೆ ಕಾಣುತ್ತೇವೆ. ಯಕ್ಷಗಾನದಲ್ಲಿ ನೋಡಿ ನಕ್ಕ ಚಿತ್ರಗುಪ್ತನನ್ನು ನಮಗರಿವಿಲ್ಲದೆಯೇ ಪರಲೋಕದ ತಂದೆಯ ಪೀಠದಲ್ಲಿ ಕೂರಿಸಿ, ಕೈಗೆ ಕಡತವನ್ನೂ ಕೊಟ್ಟಿದ್ದೇವೆ. ಈ ಭಕ್ತಿಕ್ರಿಯೆಗಳಲ್ಲಿ ದೋಷವಿಲ್ಲ. ದೋಷವಿರುವುದು ವ್ಯಾಪಾರದ ಬುದ್ಧಿಯಲ್ಲಿ. 24ರ ಹರೆಯದಲ್ಲಿ 1897ರಲ್ಲಿ ತೀರಿಕೊಂಡ ಲಿಸ್ಯೂ ನಗರದ ಸಂತ ತೆರೇಸಾ ತಾನು ಬರಿಗೈಯಲ್ಲೇ ದೇವರ ಮುಂದೆ ನಿಲ್ಲುವೆನೆಂದು ಪ್ರಾರ್ಥಿಸಿದವರು. ನೂರು ವರ್ಷಗಳ ಬಳಿಕ, 1997ರಲ್ಲಿ, ಧರ್ಮಸಭೆ ಅವರನ್ನು ತನ್ನ ಮಹಾಬೋಧಕರ ಸಾಲಿಗೆ ಸೇರಿಸಿತು.

ಲೂಥರರ ಕಾಲದಿಂದ ಯೂರೋಪನ್ನೇ ಸೀಳಿದ ಈ ಕೃಪೆ ಮತ್ತು ಕ್ರಿಯೆಗಳ ವಾದದ ಬಗೆಗೆ 1999ರ ಅಕ್ಟೋಬರ್ 31ರಂದು ಜರ್ಮನಿಯ ಆಗ್ಸ್‌ಬರ್ಗಿನಲ್ಲಿ ಕಥೋಲಿಕರೂ ಲೂಥರನ್ನರೂ ಜಂಟಿ ಘೋಷಣೆಗೆ ಸಹಿ ಹಾಕಿದರು. 2006ರಲ್ಲಿ ಮೆಥಡಿಸ್ಟರೂ 2017ರಲ್ಲಿ ರಿಫಾರ್ಮ್ಡ್ ಸಭೆಗಳೂ ಅದನ್ನು ಒಪ್ಪಿಕೊಂಡವು. 1834ರಲ್ಲಿ ಮಂಗಳೂರಿಗೆ ಬಂದ ಬಾಸೆಲ್ ಮಿಷನ್ನಿನ ಪರಂಪರೆಯ, ಈಗ ಸಿ.ಎಸ್.ಐ. ಸಭೆಯಲ್ಲಿರುವ ನಮ್ಮ ನೆರೆಹೊರೆಯವರಿಗೂ ನಮಗೂ ಈ ವಿಷಯದಲ್ಲಿ ಇರುವ ಅಂತರ ಹಿಂದೆ ಎಣಿಸಿದ್ದಕ್ಕಿಂತ ಬಹಳ ಕಡಿಮೆ. ಈ ಸುದ್ದಿ ನಮ್ಮ ಧರ್ಮಕೇಂದ್ರಗಳ ಬಾಗಿಲಿಗೆ ಇನ್ನೂ ಸರಿಯಾಗಿ ಬಂದು ತಲುಪಿಲ್ಲವೆಂಬುದೇ ಖೇದದ ಸಂಗತಿ.

ಮೃತರ ವಿಚಾರಕ್ಕೆ ಮರಳೋಣ. ಪತ್ರಿಕೆಯಲ್ಲಿ ಮರಣ ಪ್ರಕಟಣೆ ಕೊಡುವಾಗ 'ಸ್ವರ್ಗಸ್ಥರಾದರು' ಎಂದು ದಪ್ಪ ಅಕ್ಷರಗಳಲ್ಲಿ ಅಚ್ಚು ಹಾಕಿಸುತ್ತೇವೆ. ಅದರ ಕೆಳಗೇ, ಆತ್ಮಶಾಂತಿಗಾಗಿ ಏಳನೆಯ ದಿನದ ಪೂಜೆ ಇಂಥ ಗಂಟೆಗೆ ಎಂದೂ ಸೇರಿಸುತ್ತೇವೆ. ಸ್ವರ್ಗಸ್ಥರಾದವರಿಗೆ ನಮ್ಮ ಪ್ರಾರ್ಥನೆಯ ಅಗತ್ಯವೇನು? ಕನ್ನಡ ನುಡಿಯ ರೂಢಿಯೆಂದು ಇದನ್ನು ಬಿಟ್ಟುಬಿಡಬಹುದು. ಆದರೆ ಶುದ್ಧೀಕರಣ ಸ್ಥಳದ ಕುರಿತಾಗಿ ನಮ್ಮಲ್ಲಿರುವ ಗೊಂದಲವನ್ನು ಹಾಗೆ ಬಿಡಲಾಗದು. ಅದು ಚಿಕ್ಕ ನರಕವಲ್ಲ. ದೇವರ ಪ್ರೀತಿಯಲ್ಲಿ ಸತ್ತು, ಇನ್ನೂ ಪೂರ್ಣ ಶುದ್ಧಿ ಹೊಂದಬೇಕಾಗಿರುವವರ ಸ್ಥಿತಿ; ಅಲ್ಲಿರುವ ಪ್ರತಿಯೊಬ್ಬರಿಗೂ ಸ್ವರ್ಗ ನಿಶ್ಚಿತ. ಸುಮಾರು 998ರಲ್ಲಿ ಫ್ರಾನ್ಸಿನ ಕ್ಲೂನಿಯ ಮಠಾಧಿಪತಿ ಸಂತ ಓಡಿಲೊ ತಮ್ಮ ಮಠಗಳಲ್ಲಿ ನವೆಂಬರ್ 2ನ್ನು ಸಕಲ ಮೃತರ ಸ್ಮರಣೆಗೆ ಗೊತ್ತುಪಡಿಸಿದ್ದು ಭಯದಿಂದಲ್ಲ, ಬಂಧುಪ್ರೀತಿಯಿಂದ.

ಹಳೆಯ ಪ್ರಾರ್ಥನಾ ಪುಸ್ತಕಗಳಲ್ಲಿ ಜಪದ ಕೆಳಗೆ '300 ದಿನಗಳು' ಎಂದು ಅಚ್ಚಾಗಿರುತ್ತಿತ್ತು. ಆ ಜಪ ಹೇಳಿದರೆ ಶುದ್ಧೀಕರಣ ಸ್ಥಳದ ವಾಸದಲ್ಲಿ 300 ದಿನ ಕಡಿಮೆಯಾಗುತ್ತದೆಂದು ನಮ್ಮ ಅಜ್ಜಿಯಂದಿರು ನಂಬಿ, ದಿನಗಳನ್ನು ಕೂಡಿಸುತ್ತಿದ್ದರು. ಅದರ ಅರ್ಥ ಬೇರೆಯೇ ಆಗಿತ್ತು. ಆದಿ ಧರ್ಮಸಭೆಯಲ್ಲಿ ಪಾಪಿಗಳು ದಿನಗಟ್ಟಲೆ, ವರ್ಷಗಟ್ಟಲೆ ಬಹಿರಂಗ ಪ್ರಾಯಶ್ಚಿತ್ತ ಮಾಡಬೇಕಾಗಿತ್ತು. ಅಂಥ 300 ದಿನಗಳ ಪ್ರಾಯಶ್ಚಿತ್ತಕ್ಕೆ ಸಮನಾದ ದಂಡವಿಮೋಚನೆ ಎಂದಷ್ಟೇ ಅದರ ತಾತ್ಪರ್ಯ. ಪರಲೋಕದಲ್ಲಿ ಪಂಚಾಂಗವಿಲ್ಲ. 1967ರ ಜನವರಿ 1ರಂದು ಜಗದ್ಗುರು ಆರನೇ ಪೌಲರು ಈ ದಿನ, ವರ್ಷಗಳ ಲೆಕ್ಕವನ್ನೇ ರದ್ದುಪಡಿಸಿದರು. ಸಮಾಧಿ ಸ್ಥಳವನ್ನು ಸಂದರ್ಶಿಸಿ ಮೃತರಿಗಾಗಿ ಪಡೆಯಬಹುದಾದ ಪೂರ್ಣ ದಂಡವಿಮೋಚನೆ ಮಾತ್ರ ನವೆಂಬರ್ 1ರಿಂದ 8ರವರೆಗೆ ಇಂದಿಗೂ ಇದೆ. ಕೋವಿಡ್ ಹಾವಳಿಯ 2020ರಲ್ಲಿ ಅದನ್ನು ಇಡೀ ತಿಂಗಳಿಗೆ ವಿಸ್ತರಿಸಲಾಗಿತ್ತು.

ಪೂಜೆಯ ಕಾಣಿಕೆಯ ಕುರಿತು ಒಂದೇ ಮಾತು. ದುಡ್ಡಿದ್ದವರಿಗೆ ನೂರು ಪೂಜೆ, ಬೇಗ ಸ್ವರ್ಗ. ಬಡವರಿಗೆ ತಡ ಎಂಬ ಭಾವನೆ ಜನರಲ್ಲಿ ಬೇರೂರಿದ್ದರೆ ಅದಕ್ಕೆ ನಾವೂ ನಮ್ಮ ಗುರುಗಳೂ ಒಂದಿಷ್ಟು ಹೊಣೆಗಾರರು. 1563ರಲ್ಲಿ ಟ್ರೆಂಟ್ ಮಹಾಸಭೆಯು ಶುದ್ಧೀಕರಣದ ಬೋಧನೆಯನ್ನು ಎತ್ತಿಹಿಡಿಯುವಾಗಲೇ, ಅದರ ಹೆಸರಿನಲ್ಲಿ ನಡೆಯುವ ಮೂಢಾಚಾರವನ್ನೂ ಹಣದಾಸೆಯನ್ನೂ ತಡೆಯಬೇಕೆಂದು ಧರ್ಮಾಧ್ಯಕ್ಷರಿಗೆ ಆಜ್ಞಾಪಿಸಿತು. ಇಂದಿನ ಕಾನೂನು ಕಾಣಿಕೆಯಲ್ಲಿ ವ್ಯಾಪಾರದ ಛಾಯೆಯೂ ಇರಬಾರದೆನ್ನುತ್ತದೆ. ಬಡವರ ಕೋರಿಕೆಗಾಗಿ ಕಾಣಿಕೆಯಿಲ್ಲದೆಯೂ ಪೂಜೆ ಅರ್ಪಿಸಬೇಕೆಂದು ಗುರುಗಳಿಗೆ ಒತ್ತಾಯದಿಂದ ಶಿಫಾರಸು ಮಾಡುತ್ತದೆ. ಕೈಯಲ್ಲಿ ಹಣವಿಲ್ಲದೆ ಗುರುನಿವಾಸದ ಮೆಟ್ಟಿಲು ಹತ್ತಲು ಹಿಂಜರಿಯುವ ವಿಧವೆಗೆ ಇದನ್ನು ಯಾರಾದರೂ ತಿಳಿಸಬೇಕು.

ಕೊನೆಗೆ ಸ್ವರ್ಗವೇ. ಮೋಡಗಳ ಮೇಲಿನ ಉದ್ಯಾನ, ಬಾಗಿಲಲ್ಲಿ ಬೀಗದ ಕೈ ಗೊಂಚಲು ಹಿಡಿದ ಸಂತ ಪೇತ್ರ, ರೆಕ್ಕೆ ಬಂದ ನಮ್ಮ ಅಜ್ಜ: ಇವು ಚಿತ್ರಕಾರರ ಮತ್ತು ಹಾಸ್ಯಗಾರರ ಸೃಷ್ಟಿ. ಮನುಷ್ಯರು ಸತ್ತು ದೇವದೂತರಾಗುವುದಿಲ್ಲ. ಪೇತ್ರರಿಗೆ ಪ್ರಭು ಕೊಟ್ಟ ಬೀಗದ ಕೈಗಳು ಇಹದಲ್ಲೇ ಬಂಧಿಸುವ, ಬಿಡಿಸುವ ಸೇವೆಗೆ. ಬಾಗಿಲು ಕಾಯುವ ಕೆಲಸಕ್ಕಲ್ಲ. 1999ರ ಜುಲೈ 21ರಂದು ಜಗದ್ಗುರು ಎರಡನೇ ಜಾನ್ ಪೌಲರು, ಸ್ವರ್ಗವು ಮೋಡಗಳ ನಡುವಣ ಭೌತಿಕ ಸ್ಥಳವಲ್ಲ, ತ್ರಿತ್ವದ ದೇವರೊಡನೆ ಸಜೀವವಾದ ಸಂಬಂಧ ಎಂದು ವಿವರಿಸಿದಾಗ ಅದನ್ನೊಂದು ಹೊಸ ಸುದ್ದಿಯೆಂಬಂತೆ ಅಚ್ಚರಿಯಿಂದ ಕೇಳಿದವರೇ ಹೆಚ್ಚು. ನಾವು ಪ್ರತಿ ಭಾನುವಾರ ಉಚ್ಚರಿಸುವ ವಿಶ್ವಾಸ ಸಂಗ್ರಹವಾದರೋ ಮುಗಿಯುವುದು ಆತ್ಮವು ಮೇಲಕ್ಕೆ ಹಾರಿಹೋಯಿತೆಂಬ ಮಾತಿನಿಂದಲ್ಲ, ಮೃತರ ಪುನರುತ್ಥಾನದ ನಿರೀಕ್ಷೆಯಿಂದ. ಈ ದೇಹಕ್ಕೂ ದೇವರ ಯೋಜನೆಯಲ್ಲಿ ಪಾಲಿದೆ. ದಹನ ಮಾಡಿದರೆ ಪುನರುತ್ಥಾನವಿಲ್ಲವೆಂಬ ಹೆದರಿಕೆ ಬೇಡ. 1963ರಿಂದಲೇ ಧರ್ಮಸಭೆ ಅದಕ್ಕೆ ಅನುಮತಿ ನೀಡಿದೆ. ಆದರೂ ಮಣ್ಣು ಮಾಡುವುದನ್ನೇ ಅದು ಹೆಚ್ಚು ಮೆಚ್ಚುತ್ತದೆ. ಬಿತ್ತಿದ ಬೀಜದ ಮಾತನ್ನು ಸಂತ ಪೌಲರು ಹೇಳಿದ್ದಾರಲ್ಲವೇ?

ಆ ಹಿರಿಯ ತಾಯಿ ಎಲ್ಲವನ್ನೂ ಸುಮ್ಮನೆ ಕೇಳಿಸಿಕೊಂಡರು. ಬಳಿಕ ಅವರು ಕೇಳಿದ್ದು ದೇವಶಾಸ್ತ್ರವನ್ನಲ್ಲ. ಆ ಮಗುವಿಗೆ ಹೆಸರಿಡಲು ಅಂದು ಯಾರೂ ಬಿಡಲಿಲ್ಲ, ಈಗ ಇಡಬಹುದೇ ಎಂದರು. ಇಡಬಹುದು. ನಮ್ಮ ಹಳೆಯ ಸ್ಮಶಾನಗಳಲ್ಲಿ ಇಂಥ ಮೂಲೆಗಳು ಇನ್ನೂ ಇವೆ. ಕಲ್ಲಿಲ್ಲ, ಶಿಲುಬೆಯಿಲ್ಲ, ಗಿಡಗಂಟಿ ಬೆಳೆದಿದೆ. ಪ್ರತಿ ಧರ್ಮಕೇಂದ್ರದ ಪಾಲನಾ ಪರಿಷತ್ತು ತನ್ನ ನವೆಂಬರ್ 2ರ ಸಿದ್ಧತೆಯಲ್ಲಿ ಆ ಮೂಲೆಯನ್ನೂ ಸವರಿಸಿ, ಗುರುಗಳು ತೀರ್ಥ ಹಿಡಿದು ಮುಖ್ಯ ಸಾಲುಗಳನ್ನು ಮುಗಿಸಿದ ಮೇಲೆ ಬೇಲಿಯವರೆಗೂ ನಡೆಯುವಂತೆ ವಿನಂತಿಸಬೇಕೆಂದು ಈ ಅಂಕಣದ ಮೂಲಕ ಕೇಳಿಕೊಳ್ಳುತ್ತೇವೆ. ಅಲ್ಲಿ ಯಾರು ಮಲಗಿದ್ದಾರೆಂದು ತಿಳಿದಿರುವ ಹಿರಿಯರು ಇನ್ನೂ ಕೆಲವರು ಬದುಕಿದ್ದಾರೆ. ಹೆಸರುಗಳನ್ನು ಈಗಲೇ ಬರೆದಿಟ್ಟುಕೊಳ್ಳುವುದು ಉಚಿತ.